ಬಿರುಕನ್ನು ಬಚ್ಚಿಡದ ಹೊನಾಮಿ ಕೊಯೆತ್ಸು

ಕಳೆದ ರಂಜಾನ್ ತಿಂಗಳಲ್ಲಿ ನಮ್ಮ ಮನೆಯಲ್ಲಿ ಒಂದು ಪ್ಯಾಲಿ ಒಡೆಯಿತು. ಅದು ದಾದಿಯ ಪ್ಯಾಲಿ. ಅವರ ಮದುವೆಯಲ್ಲಿ ಬಂದ ಆರು ಪ್ಯಾಲಿಗಳಲ್ಲಿ ಉಳಿದಿದ್ದು ಅದೊಂದೇ. ಇಫ್ತಾರ್ ಮುಗಿದ ಮೇಲೆ ಪಾತ್ರೆ ತೊಳೆಯುವಾಗ ನನ್ನ ಕೈಯಿಂದ ಜಾರಿ ಮೂರು ತುಂಡಾಯಿತು. ಯಾರೂ ನೋಡಲಿಲ್ಲ. ತುಂಡುಗಳನ್ನು ಹಳೆಯ ದುಪಟ್ಟಾದಲ್ಲಿ ಕಟ್ಟಿ ಅಲಮಾರಿಯ ಮೇಲೆ ಇಟ್ಟುಬಿಟ್ಟೆ. ಮರುದಿನ ದಾದಿ ಪ್ಯಾಲಿ ಹುಡುಕಿದಾಗ ಎಲ್ಲರಿಗೂ ನನ್ನ ತಮ್ಮನ ಮೇಲೆಯೇ ಅನುಮಾನ ಬಂತು, ಏಕೆಂದರೆ ಮನೆಯಲ್ಲಿ ಏನೇ ಒಡೆದರೂ ಅದು ಅವನ ಕೆಲಸವೇ ಆಗಿರುತ್ತದೆ. ಅವನು ಬೈಸಿಕೊಂಡ. ನಾನು ಸುಮ್ಮನಿದ್ದೆ.

ಒಡೆದ ಪ್ಯಾಲಿಯನ್ನು ಯಾರಿಗೂ ತಿಳಿಯದಂತೆ ಅಂಟಿಸುವುದು ಹೇಗೆ ಎಂದು ಮೊಬೈಲಿನಲ್ಲಿ ಹುಡುಕಿದೆ. ಆಗ ಸಿಕ್ಕಿದ್ದು ಜಪಾನಿನ ಕಿಂಟ್ಸುಗಿ. ಕಿನ್ ಎಂದರೆ ಚಿನ್ನ, ತ್ಸುಗಿ ಎಂದರೆ ಜೋಡಿಸುವುದು. ಉರುಶಿ ಎಂಬ ಮರದ ಅಂಟಿನಿಂದ ತುಂಡುಗಳನ್ನು ಕೂಡಿಸುತ್ತಾರೆ. ಈ ಮರ ನಮ್ಮ ಗೇರು, ಮಾವುಗಳ ಜಾತಿಗೆ ಸೇರಿದ್ದು. ಗೇರುಸಿಪ್ಪೆಯ ಎಣ್ಣೆಯ ಹಾಗೆ ಇದರ ಹಸಿ ಅಂಟು ಕೂಡ ಮೈಗೆ ತಗುಲಿದರೆ ತುರಿಕೆ, ಗುಳ್ಳೆ ಏಳುತ್ತದೆ. ಇದು ಗಟ್ಟಿಯಾಗಲು ಬಿಸಿಲು ಬೇಡ, ತೇವದ ಗಾಳಿ ಬೇಕು. ಒಂದು ಬಟ್ಟಲು ಸಿದ್ಧವಾಗಲು ವಾರಗಟ್ಟಲೆ ಹಿಡಿಯುತ್ತದೆ. ಕೊನೆಗೆ ಬಿರುಕಿನ ಗೆರೆಯ ಮೇಲೆ ಚಿನ್ನದ ಪುಡಿ ಉದುರಿಸುತ್ತಾರೆ. ನಾನು ಬಿರುಕು ಮುಚ್ಚುವ ದಾರಿ ಹುಡುಕುತ್ತಿದ್ದೆ, ಇವರು ಅದನ್ನೇ ಎತ್ತಿ ತೋರಿಸುತ್ತಿದ್ದರು. ಹೀಗೆ ಓದುತ್ತಾ ಹೋದಾಗ ಹೊನಾಮಿ ಕೊಯೆತ್ಸು ಎಂಬುವರ ಪರಿಚಯವಾಯಿತು.

ಕೊಯೆತ್ಸು ಹುಟ್ಟಿದ್ದು 1558ರಲ್ಲಿ, ಜಪಾನಿನ ಕ್ಯೋಟೋ ನಗರದಲ್ಲಿ. ಅವರದು ಕುಂಬಾರರ ಮನೆತನವಲ್ಲ. ಕತ್ತಿಗೆ ಹೊಳಪು ಕೊಡುವುದು, ಕತ್ತಿಯನ್ನು ಪರೀಕ್ಷಿಸಿ ಅದು ಅಸಲಿಯೋ ನಕಲಿಯೋ, ಅದರ ಬೆಲೆ ಎಷ್ಟು ಎಂದು ಹೇಳುವುದು ಹೊನಾಮಿ ಮನೆತನದ ಕಸುಬು. ಅದು ಯುದ್ಧಗಳ ಕಾಲ, ದೊಡ್ಡ ದೊಡ್ಡ ಸರದಾರರು ಇವರ ಮಾತನ್ನು ನಂಬಿ ಕತ್ತಿ ಕೊಳ್ಳುತ್ತಿದ್ದರು. ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಗುಡ್‌ವಿಲ್ ಎಂಬ ಕಣ್ಣಿಗೆ ಕಾಣದ ಆಸ್ತಿಯ ಪಾಠವಿದೆ. ಹೊನಾಮಿ ಮನೆತನದ ನಿಜವಾದ ಬಂಡವಾಳ ಅದೇ. ಒಮ್ಮೆ ಸುಳ್ಳು ಬೆಲೆ ಹೇಳಿದ್ದರೆ ಅಂಗಡಿ ಮುಚ್ಚಬೇಕಾಗುತ್ತಿತ್ತು.

ಆ ಮನೆತನದ ಹಳೆಯ ಬರಹದಲ್ಲಿ ಒಂದು ಘಟನೆ ಬರುತ್ತದೆ. ಚಹಾ ಪುಡಿ ಇಡುವ ಒಂದು ಪುಟ್ಟ ಭರಣಿಯನ್ನು ಕೊಯೆತ್ಸು ಬಹಳ ಇಷ್ಟಪಟ್ಟರು. ಅದನ್ನು ಕೊಳ್ಳಲು ಮನೆಯನ್ನೇ ಮಾರಿ, ಸಾಲದಕ್ಕೆ ಸಾಲವನ್ನೂ ಮಾಡಿದರಂತೆ. ಅವರ ಕಷ್ಟ ನೋಡಿ ಮಾರುವವನು ಬೆಲೆ ಇಳಿಸಲು ಮುಂದಾದ. ಭರಣಿಯ ಬೆಲೆ ಅಷ್ಟಿರುವುದು ನಿಜವಾದ್ದರಿಂದ ಕೊಯೆತ್ಸು ಒಪ್ಪದೆ ಪೂರ್ತಿ ಹಣ ಕೊಟ್ಟರು. ನಂತರ ಅವರು ಅದನ್ನು ತಮ್ಮ ಆಶ್ರಯದಾತರಾದ ಮಾಯೆದಾ ಸರದಾರರಿಗೆ ತೋರಿಸಿದಾಗ, ಅವರು ಹಣದ ಇನಾಮು ಕೊಡಲು ಬಂದರೂ ತೆಗೆದುಕೊಳ್ಳಲಿಲ್ಲ. ಇದನ್ನು ಕೇಳಿ ತಾಯಿ ಮ್ಯೋಶು ಬಹಳ ಸಂತೋಷಪಟ್ಟರಂತೆ. ವ್ಯಾಪಾರ ಓದುವ ನನಗೆ ಇದು ಮೊದಲು ಶುದ್ಧ ನಷ್ಟದ ವ್ಯವಹಾರ ಅನ್ನಿಸಿತು. ಆಮೇಲೆ ಯೋಚಿಸಿದೆ. ಬೆಲೆ ಹೇಳುವುದೇ ಕಸುಬಾದವನು ತನಗೆ ಬೇಕಾದಾಗ ಬೆಲೆ ಇಳಿಸಿಕೊಂಡರೆ ನಾಳೆ ಅವನ ಮಾತನ್ನು ಯಾರು ನಂಬುತ್ತಾರೆ?

ಕೊಯೆತ್ಸು ಅವರ ಕೈಬರಹ ದೇಶಕ್ಕೇ ಹೆಸರಾಗಿತ್ತು. ಆ ಕಾಲದ ಮೂವರು ಶ್ರೇಷ್ಠ ಲಿಪಿಕಾರರಲ್ಲಿ ಅವರೂ ಒಬ್ಬರು. ಚಿತ್ರಕಾರ ತವರಾಯ ಸೊತಾತ್ಸು ಬೆಳ್ಳಿ ಬಂಗಾರದ ಬಣ್ಣಗಳಲ್ಲಿ ಕೊಕ್ಕರೆಗಳ ಹಿಂಡನ್ನು ಬರೆದರು. ಹದಿಮೂರು ಮೀಟರಿಗಿಂತ ಉದ್ದವಾದ ಆ ಸುರುಳಿಯ ಮೇಲೆ ಕೊಯೆತ್ಸು ಹಳೆಯ ಕವಿಗಳ ಪದ್ಯಗಳನ್ನು ಬರೆದರು. ಅದು ಈಗ ಕ್ಯೋಟೋ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಒಬ್ಬ ಕವಿಯ ಹೆಸರು ಬರೆಯುವಾಗ ಅವರು ಒಂದು ಅಕ್ಷರ ಬಿಟ್ಟುಬಿಟ್ಟರು. ಹಾಳೆ ಹರಿಯಲಿಲ್ಲ, ಹೊಸದಾಗಿ ಶುರುಮಾಡಲೂ ಇಲ್ಲ. ಬಿಟ್ಟುಹೋದ ಅಕ್ಷರವನ್ನು ಪಕ್ಕದಲ್ಲಿ ಚಿಕ್ಕದಾಗಿ ಸೇರಿಸಿ ಮುಂದೆ ಹೋದರು. ಸುಮಾರು 400 ವರ್ಷಗಳಿಂದ ಎಲ್ಲರೂ ಆ ತಪ್ಪನ್ನು ನೋಡುತ್ತಲೇ ಇದ್ದಾರೆ, ಸುರುಳಿಯ ಗೌರವವೇನೂ ಕಡಿಮೆಯಾಗಿಲ್ಲ.

1615ರಲ್ಲಿ ತೊಕುಗಾವಾ ಇಯೆಯಾಸು ಅವರಿಗೆ ಕ್ಯೋಟೋದ ಹೊರಗೆ ತಕಗಮಿನೆ ಎಂಬಲ್ಲಿ ಜಮೀನು ಕೊಟ್ಟರು. ಆಗ ಕೊಯೆತ್ಸು ಅವರಿಗೆ ಸುಮಾರು 57 ವರ್ಷ. ನಮ್ಮಲ್ಲಿ ನಿವೃತ್ತಿಗೆ ಹತ್ತಿರವಾಗುವ ವಯಸ್ಸು. ಅವರು ತಮ್ಮ ಬಂಧುಗಳನ್ನೂ ಕಾಗದ, ಕುಂಚ, ಅರಗಿನ ಕೆಲಸದವರನ್ನೂ ಕರೆದುಕೊಂಡು ಹೋಗಿ ಅಲ್ಲಿ ಒಂದು ಊರನ್ನೇ ಕಟ್ಟಿದರು. ಮಣ್ಣಿನ ಬಟ್ಟಲು ಮಾಡುವುದರಲ್ಲಿ ಹೆಚ್ಚಾಗಿ ತೊಡಗಿದ್ದು ಈ ವಯಸ್ಸಿನಲ್ಲೇ. ರಾಕು ಎಂಬ ಕುಂಬಾರ ಮನೆತನದಿಂದ ಅವರು ಮಣ್ಣು ತರಿಸುತ್ತಿದ್ದರು. ಬಿಳಿ ಮತ್ತು ಕೆಂಪು ಮಣ್ಣು ಕಳಿಸುವಂತೆ ಅವರು ಬರೆದ ಪತ್ರ ಇಂದಿಗೂ ಉಳಿದಿದೆ. ರಾಕು ಬಟ್ಟಲುಗಳನ್ನು ತಿಗರಿಯ ಮೇಲೆ ಮಾಡುವುದಿಲ್ಲ. ಕೈಬೆರಳುಗಳಿಂದ ಒತ್ತಿ, ಚಾಕುವಿನಿಂದ ಕೆತ್ತಿ ಆಕಾರ ಕೊಡುತ್ತಾರೆ. ಆದ್ದರಿಂದ ಒಂದರಂತೆ ಇನ್ನೊಂದು ಇರುವುದಿಲ್ಲ. ಕೊಯೆತ್ಸು ಮಾರುಕಟ್ಟೆಗಾಗಿ ಮಾಡಲಿಲ್ಲ, ತಮಗೂ ಸ್ನೇಹಿತರಿಗೂ ಮಾಡಿದರು.

ಅವರ ಒಂದು ಬಟ್ಟಲಿನ ಹೆಸರು ಫುಜಿಸಾನ್. ಮೇಲೆ ಬಿಳಿ, ಕೆಳಗೆ ಕಪ್ಪು ಛಾಯೆ, ಹಿಮ ಬಿದ್ದ ಫುಜಿ ಬೆಟ್ಟದಂತೆ. ಮಗಳ ಮದುವೆಯಲ್ಲಿ ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರೆಂಬ ಮಾತಿದೆ. ಇಂದು ಅದು ಜಪಾನಿನ ರಾಷ್ಟ್ರೀಯ ನಿಧಿ. ಜಪಾನಿನಲ್ಲೇ ತಯಾರಾದ ಚಹಾ ಬಟ್ಟಲುಗಳಲ್ಲಿ ಈ ಗೌರವ ಸಿಕ್ಕಿರುವುದು ಎರಡಕ್ಕೆ ಮಾತ್ರ.

ನನ್ನ ಮನಸ್ಸು ನಿಂತಿದ್ದು ಇನ್ನೊಂದು ಬಟ್ಟಲಿನ ಮೇಲೆ. ಅದರ ಹೆಸರು ಸೆಪ್ಪೋ, ಅಂದರೆ ಹಿಮದ ಶಿಖರ. ಕೆಂಪು ಮೈ, ಮೇಲಿನಿಂದ ಇಳಿದ ಬಿಳಿ ಮೆರುಗು. ಭಟ್ಟಿಯಲ್ಲಿ ಸುಡುವಾಗಲೇ ಅದು ದೊಡ್ಡದಾಗಿ ಬಿರುಕು ಬಿಟ್ಟಿತು. ನಮ್ಮ ಲೆಕ್ಕದಲ್ಲಿ ಅದು ನೇರವಾಗಿ ನಷ್ಟದ ಕಡೆಗೆ ಹೋಗಬೇಕಾದ ಸರಕು. ಆದರೆ ಅದು ಕಸ ಸೇರಲಿಲ್ಲ. ಬಿರುಕುಗಳಿಗೆ ಚಿನ್ನ ತುಂಬಿದೆ. ಬೆಟ್ಟದ ಹಿಮ ಕರಗಿ ತೊರೆಯಾಗಿ ಹರಿದಂತೆ ಅವು ಕಾಣುತ್ತವೆ. ಇಂದು ಅದು ಟೋಕಿಯೋದ ಹತಕೆಯಾಮಾ ಸಂಗ್ರಹಾಲಯದಲ್ಲಿದೆ.

ವಯಸ್ಸಾದಂತೆ ಕೊಯೆತ್ಸು ಅವರ ಕೈ ನಡುಗತೊಡಗಿತು. ಕೊನೆಯ ವರ್ಷಗಳ ಅಕ್ಷರಗಳಲ್ಲಿ ಆ ನಡುಕ ಕಾಣುತ್ತದೆ. ಆದರೂ ಅವರು ಬರೆಯುವುದನ್ನು ಬಿಡಲಿಲ್ಲ. 1637ರಲ್ಲಿ ತಕಗಮಿನೆಯಲ್ಲೇ ತೀರಿಕೊಂಡರು. ಅವರು ಇದ್ದ ಜಾಗ ಈಗ ಕೊಯೆತ್ಸು-ಜಿ ಎಂಬ ದೇವಾಲಯ.

ಇಷ್ಟು ಓದಿದ ಮೇಲೆ ಅಲಮಾರಿಯ ಮೇಲಿನ ಗಂಟನ್ನು ನೋಡಲು ನನಗೆ ಮುಜುಗರವಾಯಿತು. ಈದ್‌ಗೆ ಎರಡು ದಿನ ಇರುವಾಗ ಅದನ್ನು ತೆಗೆದುಕೊಂಡು ಹೋಗಿ ದಾದಿಯ ಮುಂದೆ ಬಿಚ್ಚಿಟ್ಟೆ. ತಮ್ಮನನ್ನೂ ಕರೆದೆ. ದಾದಿ ಸ್ವಲ್ಪ ಹೊತ್ತು ತುಂಡುಗಳನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತರು. ಪ್ಯಾಲಿಯ ಬಗ್ಗೆ ಒಂದು ಮಾತೂ ಆಡಲಿಲ್ಲ, ತಮ್ಮನ ಬಗ್ಗೆ ಬಹಳ ಬೈದರು. ಅದು ನನಗೆ ಸಿಗಬೇಕಾದದ್ದೇ. ಆಮೇಲೆ ಅವರೇ ಒಂದು ವಿಷಯ ಹೇಳಿದರು. ಪ್ರವಾದಿ ಮುಹಮ್ಮದ್ (ಸ) ಅವರ ಬಟ್ಟಲು ಒಡೆದಾಗ ಒಡಕಿನ ಜಾಗಕ್ಕೆ ಬೆಳ್ಳಿ ಹಾಕಿ ಸರಿಪಡಿಸಲಾಗಿತ್ತೆಂದು ಹಜ್ರತ್ ಅನಸ್ (ರ) ಅವರಿಂದ ಬಂದ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ನಾನು ಜಪಾನಿನವರೆಗೆ ಹುಡುಕಿಕೊಂಡು ಹೋಗಿದ್ದು ದಾದಿಗೆ ಮೊದಲೇ ಗೊತ್ತಿತ್ತು.

ನಮ್ಮ ಮನೆಯಲ್ಲಿ ಚಿನ್ನವೂ ಇಲ್ಲ, ಬೆಳ್ಳಿಯೂ ಇಲ್ಲ. ಹಾರ್ಡ್‌ವೇರ್ ಅಂಗಡಿಯಿಂದ ಅಬ್ಬಾ ತಂದ ಅಂಟಿನಲ್ಲಿ ನಾನೂ ತಮ್ಮನೂ ಸೇರಿ ತುಂಡುಗಳನ್ನು ಜೋಡಿಸಿದೆವು. ಗೆರೆಗಳು ಸೊಟ್ಟಗಿವೆ, ಚೆನ್ನಾಗಿಯೇ ಕಾಣುತ್ತವೆ. ಆ ಅಂಟು ಬಿಸಿ ಚಹಾಕ್ಕೆ ಆಗುವುದಿಲ್ಲ, ಹಾಗಾಗಿ ದಾದಿ ಅದರಲ್ಲಿ ಏಲಕ್ಕಿ ಇಟ್ಟುಕೊಂಡಿದ್ದಾರೆ. ಯಾರಾದರೂ ಬಂದು ಆ ಗೆರೆಗಳ ಬಗ್ಗೆ ಕೇಳಿದರೆ ಹೇಳುವ ಕೆಲಸ ನನ್ನದು. ನಾನು ಮರೆತರೆ ತಮ್ಮ ನೆನಪಿಸುತ್ತಾನೆ.