ಹರ್ಬರ್ಟ್ ಚಾಪ್‌ಮನ್: ಐದು ವರ್ಷದ ಲೆಕ್ಕ

ಹೀಥ್ರೂವಿನಲ್ಲಿ ಇಳಿದು, ಎರಡು ಸೂಟ್‌ಕೇಸು, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಹಿಡ್ಕೊಂಡು ಪಿಕಡಿಲಿ ಲೈನ್ ಹತ್ತಿದವರು ನಮ್ಮಲ್ಲಿ ಬಹಳ ಜನ ಇದ್ದೀರಿ. ಮುಂದಿನ ಸಲ ಕಿಂಗ್ಸ್ ಕ್ರಾಸ್‌ನಲ್ಲಿ ಇಳಿಯದೆ ಇನ್ನು ಮೂರು ಸ್ಟೇಷನ್ ಮುಂದೆ ಹೋಗಿ ನೋಡಿ. ಆರ್ಸೆನಲ್ ಅಂತ ಬರುತ್ತೆ. ಪ್ಲಾಟ್‌ಫಾರ್ಮಿನ ಗೋಡೆಯ ಟೈಲ್ಸ್ ಮೇಲೆ ಮಾತ್ರ ಇನ್ನೂ ದೊಡ್ಡದಾಗಿ ಗಿಲೆಸ್ಪಿ ರೋಡ್ ಅಂತಲೇ ಇದೆ. ಅದು ಹಳೇ ಹೆಸರು. 1932ರಲ್ಲಿ ಒಬ್ಬ ಫುಟ್‌ಬಾಲ್ ಮ್ಯಾನೇಜರ್ ಬೆನ್ನು ಬಿದ್ದು ಅದನ್ನು ಬದಲಾಯಿಸಿದ. ಟಿಕೆಟ್, ಮ್ಯಾಪ್, ಬೋರ್ಡು ಎಲ್ಲವೂ ಮತ್ತೆ ಅಚ್ಚಾಗಬೇಕಾಯಿತು. ಆತನೇ ಹರ್ಬರ್ಟ್ ಚಾಪ್‌ಮನ್.

ಈತನ ಬಗ್ಗೆ ಬರೆಯಬೇಕು ಅನ್ನಿಸಿದ್ದು ನಮ್ಮ ಮನೆಯ ಅಡುಗೆಮನೆಯಲ್ಲಿ. ನಮ್ಮಲ್ಲಿ ಶನಿವಾರ ರಾತ್ರಿ ಅನ್ನ ಬೇಯೋಷ್ಟರಲ್ಲಿ ಕನಿಷ್ಠ ಒಬ್ಬ ಮ್ಯಾನೇಜರಿನ ಕೆಲಸ ಹೋಗಿರುತ್ತದೆ. ಇಷ್ಟು ಮಿಲಿಯನ್ ಸುರಿದ, ಎರಡು ವರ್ಷ ಆಯ್ತು, ಕಪ್ ಎಲ್ಲಿ ಅಂತ ಒಬ್ಬ. ಹಳೇ ಟೀಮ್ ಎಷ್ಟು ಕೆಟ್ಟಿತ್ತು ನೆನಪಿದೆಯಾ, ಇನ್ನೊಂದು ವರ್ಷ ಕೊಡಿ ಅಂತ ಇನ್ನೊಬ್ಬ. ಈ ಜಗಳ ಹೊಸದು ಅಂದ್ಕೊಂಡಿದ್ದೆ. ನೂರು ವರ್ಷದ ಹಿಂದೆ ಇದೇ ಲಂಡನ್ನಿನಲ್ಲಿ, ಇದೇ ಲೆಕ್ಕ, ಸೊನ್ನೆ ಮಾತ್ರ ಕಡಿಮೆ. (ನಾನು ಆರ್ಸೆನಲ್ ಅಭಿಮಾನಿಯಲ್ಲ. ಇದನ್ನು ಮೊದಲೇ ಹೇಳಿಬಿಡೋದು ಒಳ್ಳೇದು.)

ಚಾಪ್‌ಮನ್ ಹುಟ್ಟಿದ್ದು 1878ರ ಜನವರಿ 19ರಂದು, ಯಾರ್ಕ್‌ಶೈರಿನ ಕಿವಿಟನ್ ಪಾರ್ಕ್ ಅನ್ನೋ ಗಣಿ ಊರಲ್ಲಿ. ಅಪ್ಪ ಕಲ್ಲಿದ್ದಲ ಗಣಿಯ ಕೆಲಸಗಾರ. ಮಗ ಬುದ್ಧಿವಂತ, ಶೆಫೀಲ್ಡಿನಲ್ಲಿ ಗಣಿ ಎಂಜಿನಿಯರಿಂಗ್ ಓದಿದ. ಆಟಗಾರನಾಗಿ ಅಂಥ ದೊಡ್ಡ ಹೆಸರೇನೂ ಮಾಡಲಿಲ್ಲ. ಗ್ರಿಮ್ಸ್‌ಬಿ, ಸ್ವಿಂಡನ್, ನಾರ್ಥಾಂಪ್ಟನ್, ನಾಟ್ಸ್ ಕೌಂಟಿ ಅಂತ ಊರೂರು ಸುತ್ತಿದ, ಕೊನೆಗೆ ಟಾಟನ್‌ಹ್ಯಾಮ್‌ಗೂ ಆಡಿದ. ಹೌದು, ಟಾಟನ್‌ಹ್ಯಾಮ್! ಹಳದಿ ಬಣ್ಣದ ಬೂಟು ಹಾಕ್ತಿದ್ದ ಅನ್ನೋದೇ ಜನಕ್ಕೆ ನೆನಪಿದ್ದ ವಿಷಯ. 1907ರಲ್ಲಿ ನಾರ್ಥಾಂಪ್ಟನ್‌ಗೆ ಆಟಗಾರ-ಮ್ಯಾನೇಜರ್ ಆಗಿ ಹೋಗಿ ಎರಡೇ ವರ್ಷದಲ್ಲಿ ಸದರ್ನ್ ಲೀಗ್ ಗೆಲ್ಲಿಸಿದ.

1912ರಲ್ಲಿ ಲೀಡ್ಸ್ ಸಿಟಿಗೆ ಬಂದ. ಮೊದಲ ಮಹಾಯುದ್ಧದಲ್ಲಿ ಕ್ಲಬ್ ಬಿಟ್ಟು ಮದ್ದುಗುಂಡಿನ ಕಾರ್ಖಾನೆಯೊಂದನ್ನು ನಡೆಸಲು ಹೋದ. ಯುದ್ಧ ಮುಗಿದ ಮೇಲೆ, ಲೀಡ್ಸ್ ಸಿಟಿ ಆಟಗಾರರಿಗೆ ನಿಯಮ ಮೀರಿ ದುಡ್ಡು ಕೊಟ್ಟಿದೆ ಅನ್ನೋ ಆರೋಪ ಬಂತು. ಲೆಕ್ಕದ ಪುಸ್ತಕ ತೋರಿಸಿ ಅಂದರೆ ಕ್ಲಬ್ ತೋರಿಸಲಿಲ್ಲ. 1919ರಲ್ಲಿ ಕ್ಲಬ್ಬನ್ನೇ ಲೀಗಿನಿಂದ ಹೊರಹಾಕಿದರು, ಆಟಗಾರರನ್ನು ಲೀಡ್ಸಿನ ಒಂದು ಹೋಟೆಲಿನಲ್ಲಿ ಹರಾಜು ಹಾಕಿದರು, ಚಾಪ್‌ಮನ್‌ಗೆ ಫುಟ್‌ಬಾಲಿನಿಂದಲೇ ನಿಷೇಧ. ಸೆಲ್ಬಿಯ ಎಣ್ಣೆ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿಕೊಂಡ. ನಲವತ್ತು ದಾಟಿದ ಮನುಷ್ಯ, ಹೆಸರು ಕೆಟ್ಟಿದೆ. ಕಥೆ ಅಲ್ಲೇ ಮುಗಿಯಬಹುದಿತ್ತು.

ಆಗ ಹಡರ್ಸ್‌ಫೀಲ್ಡ್ ಟೌನ್ ಕೈಹಿಡಿಯಿತು. ಆ ಹಣ ನಡೆದಾಗ ಈತ ಹುದ್ದೆಯಲ್ಲೇ ಇರಲಿಲ್ಲ ಅಂತ ವಾದ ಮಾಡಿ ನಿಷೇಧ ತೆಗೆಸಿದರು. 1921ರಲ್ಲಿ ಮ್ಯಾನೇಜರ್ ಆದ. ಈ ಕ್ಲಬ್ಬಿನ ಸ್ಥಿತಿ ಹೇಗಿತ್ತು ಅಂದರೆ, 1919ರಲ್ಲಿ ದುಡ್ಡಿಲ್ಲದೆ ಊರು ಬಿಟ್ಟು ಲೀಡ್ಸ್‌ಗೆ ಹೋಗೋ ಮಾತುಕತೆ ನಡೆದು, ಊರಿನ ಜನ ಚಂದಾ ಎತ್ತಿ ಉಳಿಸಿಕೊಂಡಿದ್ದರು. ಅಂಥ ಟೀಮಿಗೆ ಆಸ್ಟನ್ ವಿಲ್ಲಾದಿಂದ ಕ್ಲೆಮ್ ಸ್ಟೀಫನ್ಸನ್ ಅನ್ನೋ ಅನುಭವಿಯನ್ನು ತಂದ, ಅವನ ಸುತ್ತ ಹುಡುಗರನ್ನು ಕಟ್ಟಿದ. 1922ರಲ್ಲಿ ಎಫ್‌ಎ ಕಪ್, 1924ರಲ್ಲಿ ಲೀಗ್, 1925ರಲ್ಲಿ ಮತ್ತೆ ಲೀಗ್.

ಆ 1924ರ ಲೀಗ್ ಹೇಗೆ ಸಿಕ್ಕಿತು ಅನ್ನೋದನ್ನು ಹೇಳಲೇಬೇಕು. ಹಡರ್ಸ್‌ಫೀಲ್ಡ್ ಮತ್ತು ಕಾರ್ಡಿಫ್ ಇಬ್ಬರಿಗೂ 57 ಪಾಯಿಂಟು. ಆಗ ಹೊಡೆದ ಗೋಲನ್ನು ತಿಂದ ಗೋಲಿನಿಂದ ಭಾಗಿಸಿ ಸರಾಸರಿ ತೆಗೀತಿದ್ದರು. ಹಡರ್ಸ್‌ಫೀಲ್ಡಿನದು 60ಕ್ಕೆ 33, ಕಾರ್ಡಿಫಿನದು 61ಕ್ಕೆ 34. ವ್ಯತ್ಯಾಸ 0.024. ಕೊನೆಯ ಪಂದ್ಯದಲ್ಲಿ ಕಾರ್ಡಿಫ್ ಒಂದು ಪೆನಾಲ್ಟಿ ತಪ್ಪಿಸಿಕೊಂಡು 0-0 ಮಾಡಿಕೊಂಡಿತ್ತು. ಆ ಒಂದು ಚೆಂಡು ಒಳಗೆ ಹೋಗಿದ್ದರೆ ಚಾಪ್‌ಮನ್ ಅದೇ ಮನುಷ್ಯ, ಅದೇ ಕೆಲಸ, ಆದರೆ ಕಪ್ಪಿಲ್ಲ. ಕಪ್ ಎಷ್ಟು ಅಂತ ಮಾತ್ರ ಎಣಿಸೋರು ಇದನ್ನು ಯಾವ ಖಾತೆಗೆ ಹಾಕ್ತಾರೋ ಗೊತ್ತಿಲ್ಲ.

1925ರಲ್ಲಿ ಆರ್ಸೆನಲ್ 22 ಟೀಮಿನಲ್ಲಿ 20ನೇ ಸ್ಥಾನ. ಕೆಳಗಿಳಿಯೋದು ಸ್ವಲ್ಪದರಲ್ಲಿ ತಪ್ಪಿತ್ತು. ಅಧ್ಯಕ್ಷ ಹೆನ್ರಿ ನಾರಿಸ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ: ಮ್ಯಾನೇಜರ್ ಬೇಕು, ಆದರೆ ದೊಡ್ಡ ದೊಡ್ಡ ಟ್ರಾನ್ಸ್‌ಫರ್ ಹಣ ಸುರಿದು ಟೀಮ್ ಕಟ್ಟೋರು ಅರ್ಜಿ ಹಾಕೋದು ಬೇಡ. ಕೆಲಸ ಸಿಕ್ಕಿದ್ದು ಚಾಪ್‌ಮನ್‌ಗೆ, ವರ್ಷಕ್ಕೆ 2,000 ಪೌಂಡ್ ಸಂಬಳಕ್ಕೆ. ಆಮೇಲೆ ಆತ ಇಂಗ್ಲೆಂಡಿನಲ್ಲಿ ಯಾರೂ ಸುರಿಯದಷ್ಟು ಸುರಿದ. ಕಪ್ ಬರೋಕೆ ಐದು ವರ್ಷ ಬೇಕು ಅಂತ ಬಂದಾಗಲೇ ಹೇಳಿದ್ದ ಅಂತಾರೆ.

ಮೊದಲ ಖರೀದಿ ಸಂಡರ್‌ಲ್ಯಾಂಡಿನ ಚಾರ್ಲಿ ಬುಕನ್. ವಯಸ್ಸು 33. ಅವರು ಕೇಳಿದ್ದು 4,000 ಪೌಂಡ್. ನಾರಿಸ್ ಚೌಕಾಸಿ ಮಾಡಿ 2,000 ಈಗ, ಮೊದಲ ಸೀಸನ್ನಿನಲ್ಲಿ ಹೊಡೆಯೋ ಪ್ರತಿ ಗೋಲಿಗೆ 100 ಅಂತ ಒಪ್ಪಿಸಿದ. ಬುಕನ್ 21 ಗೋಲ್ ಹೊಡೆದ. ಒಟ್ಟು 4,100! ನಮ್ಮೂರ ಸಂತೆಯಲ್ಲೂ ಇಂಥ ಚೌಕಾಸಿ ಮಾಡಿ ಕೈ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಆದರೆ ಬುಕನ್ ತಂದದ್ದು ಗೋಲು ಮಾತ್ರ ಅಲ್ಲ. ಆ ಬೇಸಿಗೆಯಲ್ಲಿ ಆಫ್‌ಸೈಡ್ ನಿಯಮ ಬದಲಾಗಿ, ಗೋಲುಗಳ ಮಳೆ ಶುರುವಾಗಿತ್ತು. ಅಕ್ಟೋಬರಿನಲ್ಲಿ ನ್ಯೂಕಾಸಲ್ ಆರ್ಸೆನಲನ್ನು 7-0 ಹೊಡೆಯಿತು. ನಡುವಿನ ಹಾಫ್‌ಬ್ಯಾಕನ್ನು ಪೂರ್ತಿ ಹಿಂದಕ್ಕೆ ಎಳೆದು ಮೂರನೇ ಡಿಫೆಂಡರ್ ಮಾಡಬೇಕು ಅನ್ನೋದು ಬುಕನ್ ವಾದ. ಚಾಪ್‌ಮನ್ ಒಪ್ಪಿದ, ಮುಂದಿನ ಪಂದ್ಯದಲ್ಲಿ ವೆಸ್ಟ್ ಹ್ಯಾಮ್ ವಿರುದ್ಧ 4-0 ಗೆದ್ದರು. ಡಬ್ಲ್ಯೂ-ಎಂ ಅಂತ ಹೆಸರಾದ ಆಟದ ರಚನೆ ಹೀಗೆ ಬೆಳೆಯಿತು. ಆಟಗಾರನ ಮಾತು ಕೇಳಿಸಿಕೊಳ್ಳೋ ಮ್ಯಾನೇಜರ್ ಆಗಿನ ಕಾಲಕ್ಕೆ ಅಪರೂಪ. ಆ ಸೀಸನ್ ಆರ್ಸೆನಲ್ ಎರಡನೇ ಸ್ಥಾನ. ಮೊದಲ ಸ್ಥಾನ ಯಾರದು ಗೊತ್ತಾ? ಹಡರ್ಸ್‌ಫೀಲ್ಡ್, ಚಾಪ್‌ಮನ್ ಬಿಟ್ಟುಬಂದ ಟೀಮು.

ಇಪ್ಪತ್ತರಿಂದ ಎರಡಕ್ಕೆ. ಈಗಿನ ಕಾಲವಾದರೆ ಪ್ರತಿಮೆ ನಿಲ್ಲಿಸ್ತಿದ್ದರು, ಮುಂದಿನ ವರ್ಷ ಅದನ್ನೇ ಕೆಡವ್ತಿದ್ದರು. ಯಾಕಂದ್ರೆ ಮುಂದಿನ ನಾಲ್ಕು ಸೀಸನ್ನು ಹೀಗಿದೆ: 11, 10, 9, 14. ನಡುವೆ 1927ರಲ್ಲಿ ಎಫ್‌ಎ ಕಪ್ ಫೈನಲ್ ತಲುಪಿ, ಗೋಲ್‌ಕೀಪರಿನ ಕೈಯಿಂದ ಚೆಂಡು ಜಾರಿ ಕಾರ್ಡಿಫ್‌ಗೆ 1-0 ಸೋತರು. ಅದೇ ವರ್ಷ ಕ್ಲಬ್ಬಿನ ಹಣಕಾಸಿನ ಅವ್ಯವಹಾರ ಹೊರಬಿದ್ದು ನಾರಿಸ್‌ಗೆ ನಿಷೇಧ. ಚಾಪ್‌ಮನ್ ಈ ಸಲ ಪಾರಾದ. ಲೀಡ್ಸ್, ಆಮೇಲೆ ಇದು. ದುಡ್ಡಿನ ತನಿಖೆ ನಡೆದ ಎರಡು ಕಡೆಯೂ ಈತ ಇದ್ದ ಅನ್ನೋದು ನನಗೆ ಸ್ವಲ್ಪ ಮುಜುಗರ ತರುತ್ತೆ, ಮುಚ್ಚಿಡೋದಿಲ್ಲ.

ಈ ಕೆಟ್ಟ ವರ್ಷಗಳಲ್ಲೇ ಖರ್ಚು ಏರಿದ್ದು. 1928ರ ಅಕ್ಟೋಬರಿನಲ್ಲಿ ಬೋಲ್ಟನ್ನಿನಿಂದ ಡೇವಿಡ್ ಜ್ಯಾಕ್: 10,890 ಪೌಂಡ್. ಹತ್ತು ಸಾವಿರ ದಾಟಿದ ಮೊದಲ ಆಟಗಾರ, ಅದೂ 30 ವರ್ಷದವನು. ಚೌಕಾಸಿಗೆ ಹೋಟೆಲಿನಲ್ಲಿ ಕೂತಾಗ, ಬೋಲ್ಟನ್ನಿನವರಿಗೆ ಡಬಲ್ ಪೆಗ್, ತನಗೆ ಮಾತ್ರ ಬರೀ ಸೋಡಾ ಥರದ್ದು ಕೊಡಬೇಕು ಅಂತ ವೇಟರ್‌ಗೆ ಮೊದಲೇ ಹೇಳಿಟ್ಟಿದ್ದ ಅನ್ನೋ ಕಥೆ ಇದೆ. 1929ರಲ್ಲಿ ಪ್ರೆಸ್ಟನ್ನಿನಿಂದ ಅಲೆಕ್ಸ್ ಜೇಮ್ಸ್: 8,750. ಒಂದು ವಿಚಿತ್ರ ನೋಡಿ: ಆಟಗಾರನ ಬೆಲೆಗೆ ಮಿತಿ ಇರಲಿಲ್ಲ, ಸಂಬಳಕ್ಕೆ ಇತ್ತು, ವಾರಕ್ಕೆ ಹೆಚ್ಚೆಂದರೆ 8 ಪೌಂಡ್. ಹತ್ತು ಸಾವಿರದ ಜ್ಯಾಕ್ ಕೈಗೂ ಅಷ್ಟೇ. ಜೇಮ್ಸ್‌ಗೆ ಸೆಲ್ಫ್‌ರಿಜಸ್ ಅಂಗಡಿಯಲ್ಲಿ ಇನ್ನೊಂದು ಕೆಲಸ ಹೊಂದಿಸಿಕೊಟ್ಟಿದ್ದು ಅದಕ್ಕೇ.

ಪತ್ರಿಕೆಗಳು ಈ ದೊಡ್ಡ ಅಂಕಿಗಳನ್ನೇ ಬರೆದವು. ಬ್ಯಾಂಕ್ ಆಫ್ ಇಂಗ್ಲೆಂಡ್ ಕ್ಲಬ್ ಅಂತ ಅಡ್ಡಹೆಸರು ಬಂತು. ಆದರೆ ಆ ನ್ಯೂಕಾಸಲ್ ಸೋಲಿನ ಪಾಠವನ್ನು ಮುಂದೆ ವರ್ಷಗಟ್ಟಲೆ ಮೈದಾನದ ನಡುವೆ ನಿಂತು ಕಾಯ್ದ ಹರ್ಬಿ ರಾಬರ್ಟ್ಸ್, ಬಂದಿದ್ದು 200 ಪೌಂಡಿಗೆ. ಮುಂದೆ ಇಂಗ್ಲೆಂಡಿನ ನಾಯಕನಾದ ಎಡ್ಡಿ ಹ್ಯಾಪ್‌ಗುಡ್, ಕೆಟರಿಂಗ್ ಅನ್ನೋ ಸಣ್ಣ ಕ್ಲಬ್ಬಿನಿಂದ, ಸಾವಿರಕ್ಕೂ ಕಡಿಮೆಗೆ. 17ರ ಹುಡುಗ ಕ್ಲಿಫ್ ಬ್ಯಾಸ್ಟಿನ್ ಎಕ್ಸಟರ್‌ನಿಂದ 2,000ಕ್ಕೆ. ಒಟ್ಟು ಎಷ್ಟು ಖರ್ಚು ಅಂತ ಕೇಳಿದರೆ ಚಾಪ್‌ಮನ್ ದುಂದುಗಾರ. ಯಾರಿಗೆ ಎಷ್ಟು, ಯಾಕೆ ಅಂತ ಕೇಳಿದರೆ ಬೇರೆಯೇ ಮನುಷ್ಯ ಕಾಣ್ತಾನೆ. ನಮ್ಮ ಅಡುಗೆಮನೆಯಲ್ಲಿ ಎರಡನೇ ಪ್ರಶ್ನೆ ಯಾರೂ ಕೇಳೋದಿಲ್ಲ.

1930ರ ಏಪ್ರಿಲ್ 26, ವೆಂಬ್ಲಿ, ಎಫ್‌ಎ ಕಪ್ ಫೈನಲ್. ಎದುರಾಳಿ ಹಡರ್ಸ್‌ಫೀಲ್ಡ್! ಮೇಲೆ ಜರ್ಮನಿಯ ದೊಡ್ಡ ವಾಯುನೌಕೆ ಗ್ರಾಫ್ ಜೆಪ್ಪೆಲಿನ್ ಹಾರಿಹೋಯಿತು. ಎರಡೂ ಟೀಮು ಅಕ್ಕಪಕ್ಕ ನಡೆದು ಮೈದಾನಕ್ಕೆ ಬಂದವು, ಇಬ್ಬರನ್ನೂ ಕಟ್ಟಿದವನ ಗೌರವಕ್ಕೆ. ಜೇಮ್ಸ್ ಒಂದು, ಲ್ಯಾಂಬರ್ಟ್ ಒಂದು, 2-0. ಹೇಳಿದ ಐದು ವರ್ಷ ಸರಿಯಾಗಿ ಮುಗಿದಿತ್ತು. ಆದರೆ ಅದೇ ಸೀಸನ್ ಲೀಗಿನಲ್ಲಿ ಆರ್ಸೆನಲ್ 14ನೆಯದು ಅನ್ನೋದನ್ನೂ ಮರೀಬೇಡಿ. ಆ ಫೈನಲ್ ಸೋತಿದ್ದರೆ?

ಆಮೇಲೆ ಬಾಗಿಲು ತೆರೆದ ಹಾಗಾಯಿತು. 1930-31ರಲ್ಲಿ ಲೀಗ್, 42 ಪಂದ್ಯದಲ್ಲಿ ಬರೀ 4 ಸೋಲು, 127 ಗೋಲು, 66 ಪಾಯಿಂಟು. ಲಂಡನ್ನಿಗೆ ಮೊದಲ ಲೀಗ್ ಪ್ರಶಸ್ತಿ ಅದು. ಮುಂದಿನ ವರ್ಷ ಲೀಗಿನಲ್ಲೂ ಕಪ್ಪಿನಲ್ಲೂ ಎರಡನೆಯದು. 1933ರಲ್ಲಿ ಮತ್ತೆ ಲೀಗ್. ಆದರೆ ಅದೇ 1933ರ ಜನವರಿಯಲ್ಲಿ ಮೂರನೇ ಡಿವಿಷನ್ನಿನ ವಾಲ್ಸಾಲ್ ಎಫ್‌ಎ ಕಪ್ಪಿನಲ್ಲಿ ಆರ್ಸೆನಲನ್ನು 2-0 ಸೋಲಿಸಿತು. ಜ್ವರದಿಂದ ಕೆಲವರು ಮಲಗಿದ್ದರು, ಚಾಪ್‌ಮನ್ ಹೊಸಬರನ್ನು ಇಳಿಸಿದ್ದ. ವಾಲ್ಸಾಲ್ ಟೀಮಿನ ಬೆಲೆ 69 ಪೌಂಡ್, ಆರ್ಸೆನಲ್ಲಿನ ಬೂಟಿಗೇ ಅದಕ್ಕಿಂತ ಜಾಸ್ತಿ ಅಂತ ಪತ್ರಿಕೆಗಳು ಬರೆದವು. ಪೆನಾಲ್ಟಿ ಕೊಟ್ಟ ಹುಡುಗ ಟಾಮಿ ಬ್ಲ್ಯಾಕನ್ನು ಚಾಪ್‌ಮನ್ ಸಿಟ್ಟಿನಲ್ಲಿ ಕೆಲವೇ ದಿನದಲ್ಲಿ ಪ್ಲಿಮತ್‌ಗೆ ಮಾರಿಬಿಟ್ಟ. ತನಗೆ ಐದು ವರ್ಷ ಸಿಕ್ಕಿದ್ದ ಮನುಷ್ಯ ಆ ಹುಡುಗನಿಗೆ ಒಂದು ವಾರವೂ ಕೊಡಲಿಲ್ಲ. ಇದೊಂದು ನನಗೆ ಇವತ್ತಿಗೂ ಸರಿ ಅನ್ನಿಸೋದಿಲ್ಲ.

ಅಂಗಿಯ ಬೆನ್ನಿಗೆ ನಂಬರು, ರಾತ್ರಿ ಆಟಕ್ಕೆ ದೀಪ, ಕೆಂಪು ಅಂಗಿಗೆ ಬಿಳಿ ತೋಳು, ಆ ಸ್ಟೇಷನ್ ಹೆಸರು, ಎಲ್ಲದರ ಹಿಂದೆಯೂ ಓಡಾಡಿದ್ದು ಈತನೇ.

1934ರ ಹೊಸವರ್ಷದ ದಿನ ಬ್ಯೂರಿಗೆ, ಮರುದಿನ ಶೆಫೀಲ್ಡಿಗೆ ಆಟ ನೋಡಲು ಹೋದ. ಶೀತ ಹಿಡಿದು ವಾಪಸ್ ಬಂದ. ಡಾಕ್ಟರ್ ಬೇಡ ಅಂದರೂ ಗಿಲ್ಡ್‌ಫರ್ಡಿಗೆ ಹೋದ. ನೋಡಿದ್ದು ಕ್ಲಬ್ಬಿನ ಮೂರನೇ ಟೀಮಿನ ಆಟ. ಅವರನ್ನು ನೋಡಿ ಬಹಳ ದಿನ ಆಗಿತ್ತಂತೆ. ಇಂಗ್ಲೆಂಡಿನ ಅತಿ ದುಬಾರಿ ಟೀಮಿನ ಮ್ಯಾನೇಜರ್, ಚಳಿಯಲ್ಲಿ ನಿಂತು, ಯಾವ ಪತ್ರಿಕೆಯೂ ಹೆಸರು ಬರೆಯದ ಹುಡುಗರನ್ನು ನೋಡ್ತಾ ಇದ್ದ. ಶೀತ ನ್ಯುಮೋನಿಯಾ ಆಯಿತು. ಜನವರಿ 6ರ ಬೆಳಗಿನ ಜಾವ ಹೆಂಡನ್ನಿನ ಮನೆಯಲ್ಲಿ ತೀರಿಕೊಂಡ. ವಯಸ್ಸು 55.

ಆ ದಿನ ಶನಿವಾರ. ಹೈಬರಿಯಲ್ಲಿ ಶೆಫೀಲ್ಡ್ ವೆಡ್ನೆಸ್‌ಡೇ ಜೊತೆ ಪಂದ್ಯ ಇತ್ತು, ಆಡಿದರು, 1-1. ಆ ವರ್ಷದ ಲೀಗ್ ಆರ್ಸೆನಲ್ಲಿಗೇ ಬಂತು, ಮುಂದಿನ ವರ್ಷದ್ದೂ ಬಂತು, ಹೆಚ್ಚಾಗಿ ಈತ ತಂದಿದ್ದ ಆಟಗಾರರಿಂದಲೇ. ದಾಖಲೆಯಲ್ಲಿ ಅವೆರಡೂ ಚಾಪ್‌ಮನ್ ಹೆಸರಲ್ಲಿ ಇಲ್ಲ.