ಚಿತ್ರಗಳಿಗೆ ಲೆಕ್ಕವಿಟ್ಟ ಯೂಜೀನ್ ಆಟ್ಜೆ

ಕವಿಯಾದವನು ಕಾವ್ಯವನ್ನು ಬಿಟ್ಟು ಹೋಗುತ್ತಾನೆ, ಶಿಲ್ಪಿಯಾದವನು ವಿಗ್ರಹವನ್ನು ಬಿಟ್ಟು ಹೋಗುತ್ತಾನೆ. ಛಾಯಾಗ್ರಾಹಕನು ಬಿಟ್ಟು ಹೋಗುವುದು ಪೆಟ್ಟಿಗೆಗಳನ್ನು. ಆ ಪೆಟ್ಟಿಗೆಗಳಲ್ಲಿ ಏನೇನಿದೆಯೆಂದು ಬಲ್ಲವನು ಅವನೊಬ್ಬನೇ ಆಗಿದ್ದರೆ, ಅವನು ಕಣ್ಣು ಮುಚ್ಚಿದ ದಿನವೇ ಅವುಗಳೂ ಕಣ್ಣು ಮುಚ್ಚಿದಂತೆಯೇ ಸರಿ. ಈ ತಿಳಿವಳಿಕೆ ನನಗೆ ಮೊದಲು ಪುಸ್ತಕದಿಂದ ಬಂದುದಲ್ಲ. ನಮ್ಮ ಮನೆಯ ಅಟ್ಟದಿಂದ ಬಂದುದು.

ನನ್ನ ಅಜ್ಜ ನಮ್ಮೂರಿನ ಸಂತೆಬೀದಿಯಲ್ಲಿ ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವರು. ಅವರು ತೀರಿಕೊಂಡ ಮೇಲೆ ನೆಗೆಟಿವ್‌ಗಳಿದ್ದ ಹನ್ನೊಂದು ಪೆಟ್ಟಿಗೆಗಳನ್ನು ಅಟ್ಟಕ್ಕೇರಿಸಿದೆವು. ಅವರ ಲೆಕ್ಕದ ಪುಸ್ತಕಗಳನ್ನು ಹಳೆಯ ಕಾಗದವೆಂದು ತೂಕಕ್ಕೆ ಹಾಕಿಬಿಟ್ಟೆವು. ಕೆಲವು ವರ್ಷಗಳ ತರುವಾಯ ಪಕ್ಕದ ಹಳ್ಳಿಯಿಂದ ವಯಸ್ಸಾದ ಹೆಂಗಸೊಬ್ಬರು ಬಂದರು. ತಾವು ಎಳೆಯ ಮಗುವಾಗಿದ್ದಾಗಲೇ ಅವರ ತಂದೆ ತೀರಿಹೋಗಿದ್ದರಂತೆ. ತಂದೆಯ ಒಂದೇ ಒಂದು ಫೋಟೋವನ್ನು ನಮ್ಮ ಅಜ್ಜ ತೆಗೆದಿದ್ದರಂತೆ. ಗೋಡೆಯ ಮೇಲಿದ್ದ ಪ್ರತಿಯನ್ನು ಗೆದ್ದಲು ತಿಂದಿತ್ತು. ನಾನು ಮೂರು ದಿನ ಹುಡುಕಿದೆ. ಪ್ರತಿಯೊಂದು ಲಕೋಟೆಯ ಮೇಲೂ ಅಜ್ಜನ ಕೈಬರಹದಲ್ಲಿ ಒಂದು ಸಂಖ್ಯೆ ಇತ್ತು; ಆ ಸಂಖ್ಯೆ ಯಾರದೆಂದು ಹೇಳಬೇಕಾದ ಪುಸ್ತಕ ಮಾತ್ರ ಇರಲಿಲ್ಲ. ಆ ತಾಯಿ ಬರಿಗೈಯಲ್ಲಿ ಹಿಂದಿರುಗಿದರು. ಅಜ್ಜ ಮಾಡಿಟ್ಟಿದ್ದ ವ್ಯವಸ್ಥೆಯನ್ನು ಕೆಡಿಸಿದವರು ನಾವೇ ಎಂಬುದು ಆ ಹೊತ್ತು ನನಗೆ ಅರಿವಾಯಿತು.

ಆ ವರ್ಷವೇ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಛಾಯಾಗ್ರಹಣದ ಚರಿತ್ರೆಯೊಂದನ್ನು ತಿರುವಿ ಹಾಕುತ್ತಿದ್ದಾಗ ಯೂಜೀನ್ ಆಟ್ಜೆ ಎಂಬ ಫ್ರೆಂಚ್ ಛಾಯಾಗ್ರಾಹಕನ ಹೆಸರು ಕಣ್ಣಿಗೆ ಬಿದ್ದಿತು. ಆತನ ಜೀವನವನ್ನು ಹುಡುಕಿ ಹುಡುಕಿ ಓದಿದೆ. ಅದನ್ನೇ ನನ್ನ ಸಹಪಾಠಿಗಳ ಮುಂದಿಡುವ ಪ್ರಯತ್ನ ಇದು.

ಆಟ್ಜೆ 1857ನೆಯ ಫೆಬ್ರುವರಿ 12ರಂದು ಫ್ರಾನ್ಸಿನ ನೈಋತ್ಯ ಭಾಗದ ಲಿಬೂರ್ನ್ ಎಂಬ ಊರಿನಲ್ಲಿ ಜನಿಸಿದ. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಬೋರ್ಡೋ ನಗರದಲ್ಲಿ ತಾಯಿಯ ತಂದೆತಾಯಿಗಳ ಆಶ್ರಯದಲ್ಲಿ ಬೆಳೆದ. ಹರೆಯದಲ್ಲಿ ಹಡಗಿನ ಕೆಲಸಕ್ಕೆ ಸೇರಿ ಸಮುದ್ರಯಾನ ಮಾಡಿದ. ಆದರೆ ಆತನ ಮನಸ್ಸಿದ್ದುದು ರಂಗಭೂಮಿಯಲ್ಲಿ. 1878ರಲ್ಲಿ ಪ್ಯಾರಿಸಿಗೆ ಬಂದು ನಾಟಕ ಶಾಲೆಯ ಪ್ರವೇಶ ಪರೀಕ್ಷೆಗೆ ಕುಳಿತು ಮೊದಲ ಸಲ ಸೋತ; ಮರುವರ್ಷ ಗೆದ್ದ. ಒಂದು ಕಡೆ ಕಡ್ಡಾಯದ ಸೈನ್ಯ ಸೇವೆ, ಇನ್ನೊಂದು ಕಡೆ ಅಭ್ಯಾಸ. ಎರಡು ದೋಣಿಗಳ ಮೇಲೆ ಕಾಲಿಟ್ಟವನ ಪಾಡಾಗಿ, 1881ರಲ್ಲಿ ಶಾಲೆಯನ್ನು ಬಿಡಬೇಕಾಯಿತು. ಬಳಿಕ ಊರೂರು ತಿರುಗುವ ನಾಟಕ ಮಂಡಳಿಗಳಲ್ಲಿ ಸಣ್ಣಪುಟ್ಟ ಪಾತ್ರಗಳನ್ನು ವಹಿಸಿದ. ಅಲ್ಲಿಯೇ ವಾಲೆಂಟೀನ್ ಎಂಬ ನಟಿಯ ಪರಿಚಯವಾಗಿ, ಆಕೆ ಆತನ ಬಾಳಸಂಗಾತಿಯಾದಳು. ಗಂಟಲಿನ ಬೇನೆ ಬಂದು ನಟನೆಯೂ ಕೈಬಿಟ್ಟಿತು. ಚಿತ್ರಕಲೆಗೆ ಕೈ ಹಾಕಿದ, ಅದೂ ಫಲಿಸಲಿಲ್ಲ. ಮೂವತ್ತು ದಾಟಿದ ವಯಸ್ಸಿನಲ್ಲಿ, ಹೊಟ್ಟೆಯ ಪಾಡಿಗಾಗಿ, ಕ್ಯಾಮರಾವನ್ನು ಕೈಗೆತ್ತಿಕೊಂಡ.

ಹೀಗೆ ನಾಲ್ಕಾರು ಬಾಗಿಲು ಮುಚ್ಚಿದ ಮೇಲೆ ತೆರೆದ ಈ ಬಾಗಿಲಿನ ಮೇಲೆ ಆತ ತೂಗುಹಾಕಿದ ಫಲಕದಲ್ಲಿ ಕಲೆ ಎಂಬ ಹೆಮ್ಮೆಯ ಮಾತಿರಲಿಲ್ಲ. ಕಲಾವಿದರಿಗೆ ಬೇಕಾದ ದಾಖಲೆಚಿತ್ರಗಳು ಇಲ್ಲಿ ದೊರೆಯುತ್ತವೆ ಎಂಬುದಷ್ಟೇ ಅದರ ಅರ್ಥ. ಮರವನ್ನೋ ಗಾಡಿಯನ್ನೋ ಹಳೆಯ ಬಾಗಿಲನ್ನೋ ಬರೆಯಬೇಕಾದ ಚಿತ್ರಕಾರರು ಆತನ ಪ್ರತಿಗಳನ್ನು ಕೊಂಡು ಮಾದರಿಯಾಗಿ ಬಳಸುತ್ತಿದ್ದರು.

ಆ ಕಾಲದ ಪ್ಯಾರಿಸಿನ ಸ್ಥಿತಿಯನ್ನು ವಾಚಕರು ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮೂರನೆಯ ನೆಪೋಲಿಯನ್ನನ ಆಡಳಿತದಲ್ಲಿ ಹೌಸ್‌ಮನ್ ಎಂಬ ಅಧಿಕಾರಿ ನೂರಾರು ಹಳೆಯ ಓಣಿಗಳನ್ನು ಕೆಡವಿಸಿ ಅಗಲವಾದ ರಾಜಬೀದಿಗಳನ್ನು ಹಾಕಿಸಿದ್ದ. ಉಳಿದ ಹಳೆಯ ಪ್ಯಾರಿಸೂ ದಿನದಿನಕ್ಕೆ ಕರಗುತ್ತಿತ್ತು. ಸುಮಾರು 1897ರಿಂದ ಆಟ್ಜೆ ಈ ಕರಗುವ ನಗರವನ್ನೇ ತನ್ನ ವಿಷಯವಾಗಿ ಆರಿಸಿಕೊಂಡ. ಓಣಿಗಳು, ಅಂಗಳಗಳು, ಮೆಟ್ಟಿಲುಗಳ ಕಬ್ಬಿಣದ ಕಟಕಟೆಗಳು, ಬಾಗಿಲಿನ ಹಿಡಿಗಳು, ಅಂಗಡಿಗಳ ತೂಗುಫಲಕಗಳು, ಬುಟ್ಟಿ ಮಾರುವವರು, ಚಿಂದಿ ಆಯುವವರು ಒಂದೊಂದೂ ಆತನ ಗಾಜಿನ ಫಲಕದ ಮೇಲೆ ಇಳಿದವು. ಚರ್ಮ ಹದಮಾಡುವವರ ಕೇರಿಯಲ್ಲಿ ಹರಿಯುತ್ತಿದ್ದ ಬಿಯೆವ್ರ್ ಎಂಬ ಕಿರುಹೊಳೆಯನ್ನು ಆತ ಚಿತ್ರಿಸಿದ. ಮುಂದೆ ನಗರದೊಳಗೆ ಆ ಹೊಳೆಯನ್ನೇ ನೆಲದಡಿಗೆ ಮುಚ್ಚಿಬಿಟ್ಟರು.

ಆತನ ಕೆಲಸದ ಬಗೆ ಹಳೆಯದು, ಕಷ್ಟದ್ದು. ಮರದ ದೊಡ್ಡ ಕ್ಯಾಮರಾ, ಮೂರು ಕಾಲಿನ ಊರೆ, 18 ಸೆಂಟಿಮೀಟರ್ ಅಗಲ 24 ಸೆಂಟಿಮೀಟರ್ ಉದ್ದದ ಗಾಜಿನ ಫಲಕಗಳು, ಕರಿಬಟ್ಟೆ, ಇಷ್ಟನ್ನೂ ಹೊತ್ತು ಬೀದಿಗಳಲ್ಲಿ ಜನ ತುಂಬುವ ಮುನ್ನ, ಮುಂಜಾನೆಯಲ್ಲಿಯೇ ಹೊರಡುತ್ತಿದ್ದ. ಎತ್ತರದ ಕಟ್ಟಡ ಪೂರ್ತಿ ಬರಲೆಂದು ಮಸೂರವನ್ನು ಮೇಲಕ್ಕೆ ಸರಿಸುತ್ತಿದ್ದುದರಿಂದ ಅನೇಕ ಚಿತ್ರಗಳ ಮೇಲಿನ ಮೂಲೆಗಳು ಕಪ್ಪಾಗಿಯೇ ಉಳಿದಿವೆ. ಆತ ಅದಕ್ಕಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಮನೆಗೆ ಬಂದು ಗಾಜಿನ ಫಲಕಕ್ಕೆ ಮೊಟ್ಟೆಯ ಬಿಳಿಯ ಲೇಪವಿದ್ದ ಕಾಗದವನ್ನು ಒತ್ತಿ, ಚೌಕಟ್ಟಿನಲ್ಲಿ ಬಿಗಿದು, ಬಿಸಿಲಿಗಿಡುತ್ತಿದ್ದ. ಸೂರ್ಯನೇ ಚಿತ್ರವನ್ನು ಮುದ್ರಿಸಬೇಕು. ಹಾಗಾಗಿ ಫಲಕ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಬಳಿಕ ಅದನ್ನು ತೊಳೆದು, ಚಿನ್ನದ ಲವಣದ ದ್ರಾವಣದಲ್ಲಿ ಅದ್ದಿ, ಬಣ್ಣ ನಿಲ್ಲಿಸುತ್ತಿದ್ದ.

ಇಷ್ಟನ್ನು ಮಾಡಿದವರು ಇತರರೂ ಇದ್ದರು. ಆಟ್ಜೆಯ ಹಿರಿಮೆ ಇದರ ಮುಂದಿನ ಹೆಜ್ಜೆಯಲ್ಲಿದೆ. ಭೂದೃಶ್ಯ, ಬೀದಿಯ ಬದುಕು, ಹಳೆಯ ಪ್ಯಾರಿಸಿನ ಕಲೆ, ನಗರದ ಸ್ಥಳವಿವರ, ಸುತ್ತಣ ಊರುಗಳು ಎಂದು ತನ್ನ ಚಿತ್ರಗಳನ್ನು ವಿಷಯಕ್ಕನುಗುಣವಾಗಿ ವಿಂಗಡಿಸಿ, ಒಂದೊಂದು ವಿಂಗಡಣೆಗೂ ಬೇರೆ ಬೇರೆ ಎಣಿಕೆಯನ್ನಿಟ್ಟ. ಫಲಕದ ಅಂಚಿನಲ್ಲಿ ಸಂಖ್ಯೆಯನ್ನು ಗೀಚಿದ. ಪ್ರತಿಯ ಬೆನ್ನಿನ ಮೇಲೆ ಸೀಸದ ಕಡ್ಡಿಯಿಂದ ಅದೇ ಸಂಖ್ಯೆಯನ್ನೂ ಸ್ಥಳದ ಹೆಸರನ್ನೂ ಬರೆದ. ಕಾಗದದ ಹಾಳೆಗಳನ್ನು ಸೇರಿಸಿ ತಾನೇ ಆಲ್ಬಮ್‌ಗಳನ್ನು ಕಟ್ಟಿ, ಮೂಲೆಗಳನ್ನು ಸಿಕ್ಕಿಸಲು ಸೀಳುಗಳನ್ನು ಮಾಡಿದ. ಚಿತ್ರವನ್ನು ಅಂಟಿಸಿದರೆ ಅದು ಅಲ್ಲಿಯೇ ಉಳಿಯುತ್ತದೆ. ಸಿಕ್ಕಿಸಿದರೆ ಗಿರಾಕಿಗೆ ತೆಗೆದುಕೊಡಬಹುದು, ಆ ಜಾಗಕ್ಕೆ ಇನ್ನೊಂದು ಪ್ರತಿ ಬರುತ್ತದೆ. ಗಿರಾಕಿಗಳ ಹೆಸರು ವಿಳಾಸಗಳನ್ನು ಬರೆದಿಟ್ಟ ಪುಸ್ತಕ ಬೇರೆ. ಈ ಲೆಕ್ಕವನ್ನು ಆತ ಮೂವತ್ತು ವರ್ಷ ನಡೆಸಿದ. ಎಂಟು ಸಾವಿರಕ್ಕೂ ಮಿಕ್ಕ ಚಿತ್ರಗಳು ಕೈಗೆ ಸಿಗುವಂತಿದ್ದುದು ಇದರಿಂದಲೇ.

ಹೀಗೆ ಒಪ್ಪವಾಗಿಟ್ಟುದನ್ನು ಆತ ಕೂಡಿಟ್ಟುಕೊಂಡು ಕೂರಲಿಲ್ಲ. ಆಲ್ಬಮ್‌ಗಳನ್ನು ಕಂಕುಳಲ್ಲಿಟ್ಟುಕೊಂಡು ಪ್ಯಾರಿಸಿನ ಕಾರ್ನವಾಲೆ ವಸ್ತುಸಂಗ್ರಹಾಲಯ, ನಗರದ ಐತಿಹಾಸಿಕ ಗ್ರಂಥಾಲಯ, ರಾಷ್ಟ್ರೀಯ ಗ್ರಂಥಾಲಯಗಳಿಗೆ ಹೋಗಿ ಪ್ರತಿಗಳನ್ನು ಮಾರಿದ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯವೂ ಕೊಂಡಿತು. 1910ರಿಂದ 1915ರವರೆಗಿನ ಅವಧಿಯಲ್ಲಿ ಪ್ಯಾರಿಸಿನ ಮನೆಯೊಳಗಣ ನೋಟಗಳು, ಗಾಡಿಗಳು, ಅಂಗಡಿ ಫಲಕಗಳು, ನಗರದ ಕೋಟೆಗೋಡೆಯ ಹೊರಗೆ ಗುಡಿಸಲು ಹಾಕಿಕೊಂಡಿದ್ದ ಬಡವರು ಮೊದಲಾದ ವಿಷಯಗಳ ಮೇಲೆ ಅರವತ್ತು ಅರವತ್ತು ಚಿತ್ರಗಳ ಆಲ್ಬಮ್‌ಗಳನ್ನು ಸಿದ್ಧಪಡಿಸಿ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಟ್ಟ. ಇದರಲ್ಲಿ ಒಂದು ಸ್ವಾರಸ್ಯವಿದೆ. ಮನೆಯೊಳಗಣ ನೋಟಗಳ ಆಲ್ಬಮ್ಮಿನಲ್ಲಿ, ಇನ್ನೊಂದು ಬೀದಿಯ ಯಾರೋ ನಟನ ಕೋಣೆಯೆಂದು ಹೆಸರಿಸಿದ ಚಿತ್ರಗಳು ವಾಸ್ತವವಾಗಿ ಆಟ್ಜೆಯ ಸ್ವಂತ ಮನೆಯವು! ಊರಿನ ಪ್ರತಿಯೊಂದು ಬಾಗಿಲಿಗೂ ವಿಳಾಸ ಬರೆದಿಟ್ಟವನು ತನ್ನ ಬಾಗಿಲಿನ ವಿಳಾಸವನ್ನು ಮಾತ್ರ ಮರೆಮಾಚಿದ. ನಾಟಕದವನ ಹಳೆಯ ಅಭ್ಯಾಸವೋ, ಸಂಕೋಚವೋ, ಹೇಳಲು ಯಾರಿಂದಲೂ ಆಗದು.

1914ರಲ್ಲಿ ಮಹಾಯುದ್ಧ ಹತ್ತಿಕೊಂಡಿತು. ವಾಲೆಂಟೀನಳ ಮಗ ರಣರಂಗದಲ್ಲಿ ಮಡಿದ. ಆಟ್ಜೆ ತನ್ನ ಗಾಜಿನ ಫಲಕಗಳನ್ನು ನೆಲಮಾಳಿಗೆಯಲ್ಲಿಟ್ಟು ಕಾಪಾಡಿದ. ಚಿತ್ರ ತೆಗೆಯುವುದು ಬಹುಮಟ್ಟಿಗೆ ನಿಂತೇಹೋಯಿತು. ಯುದ್ಧ ಮುಗಿಯುವಾಗ ಆತನಿಗೆ ಅರವತ್ತು ದಾಟಿತ್ತು. ವಾರಸುದಾರರಿಲ್ಲ, ತಾನು ಹೋದ ಮೇಲೆ ಈ ಫಲಕಗಳ ಬೆಲೆಯನ್ನರಿಯದವರ ಕೈಗೆ ಅವು ಬಿದ್ದರೆ ಗತಿಯೇನು ಎಂಬ ಚಿಂತೆ ಹತ್ತಿತು. 1920ರ ನವೆಂಬರಿನಲ್ಲಿ ಸರ್ಕಾರದ ಲಲಿತಕಲಾ ಇಲಾಖೆಯ ಮುಖ್ಯಸ್ಥನಾದ ಪಾಲ್ ಲೆಯೋನನಿಗೆ ಪತ್ರ ಬರೆದು ಈ ಅಳಲನ್ನು ತೋಡಿಕೊಂಡ. ಹಳೆಯ ಪ್ಯಾರಿಸಿಗೆ ಸಂಬಂಧಿಸಿದ 2,621 ನೆಗೆಟಿವ್‌ಗಳನ್ನು ಸರ್ಕಾರ 10,000 ಫ್ರಾಂಕುಗಳಿಗೆ ಕೊಂಡಿತು.

ಈ ಹೊರೆ ಇಳಿದ ಬಳಿಕ ಆತ ಮಾಡಿದ ಚಿತ್ರಗಳೇ ಆತನ ಅತ್ಯುತ್ತಮ ಕೃತಿಗಳೆಂದು ಬಲ್ಲವರ ಅಭಿಪ್ರಾಯ. ಗಿರಾಕಿಗಳಿಗಾಗಿ ಅಲ್ಲ, ತನಗಾಗಿ ಎಂಬಂತೆ, ವರ್ಸೈಲ್ಸ್, ಸಾಂ ಕ್ಲೂ ಉದ್ಯಾನಗಳ ಕೊಳಗಳನ್ನೂ ಮರದ ಬೇರುಗಳನ್ನೂ ತೆಗೆದ. 1925ರಲ್ಲಿ ಸೋ ಎಂಬಲ್ಲಿಯ ಪಾಳು ಬಿದ್ದ ಉದ್ಯಾನಕ್ಕೆ ಮತ್ತೆ ಮತ್ತೆ ಹೋಗಿ ಬೆಳಗಿನ ಬೆಳಕಿನಲ್ಲಿ ಚಿತ್ರಿಸಿದ. ಅದೇ ಬೀದಿಯಲ್ಲಿ ವಾಸವಾಗಿದ್ದ ಮ್ಯಾನ್ ರೇ ಎಂಬ ಅಮೆರಿಕದ ಕಲಾವಿದ ಆತನ ಕೆಲವು ಪ್ರತಿಗಳನ್ನು ಕೊಂಡು 1926ರಲ್ಲಿ ಹೊಸಪಂಥದ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದ. ಇವು ಬರಿಯ ದಾಖಲೆಗಳು, ತನ್ನ ಹೆಸರು ಬೇಡವೆಂದು ಆಟ್ಜೆ ತಿಳಿಸಿದ. ಅದೇ ವರ್ಷ ವಾಲೆಂಟೀನ್ ತೀರಿಕೊಂಡಳು.

ಮ್ಯಾನ್ ರೇಯ ಬಳಿ ಸಹಾಯಕಳಾಗಿದ್ದ ಬೆರನೀಸ್ ಅಬಟ್ ಎಂಬ ತರುಣಿ ಆಟ್ಜೆಯ ಚಿತ್ರಗಳನ್ನು ಕಂಡು ಬೆರಗಾಗಿ ಆತನ ಮನೆಗೆ ಹೋಗಿಬರತೊಡಗಿದಳು. 1927ರಲ್ಲಿ ತನ್ನ ಸ್ಟುಡಿಯೋಗೆ ಆತನನ್ನು ಬರಮಾಡಿಕೊಂಡು ಆತನ ಭಾವಚಿತ್ರ ತೆಗೆದಳು. ಪ್ರತಿಗಳನ್ನು ತೋರಿಸಲು ಆತನ ಮನೆಯ ಮೆಟ್ಟಿಲೇರಿದಾಗ ಮುದುಕ ಇರಲಿಲ್ಲ. ಆಗಸ್ಟ್ 4ರಂದು ಆಟ್ಜೆ ಕಾಲವಾಗಿದ್ದ.

ಉಳಿದಿದ್ದ ಫಲಕಗಳು ಆತನ ಹಳೆಯ ನಟಮಿತ್ರ ಆಂದ್ರೆ ಕಾಲ್ಮೆಟ್‌ನ ಪಾಲಿಗೆ ಬಂದವು. ಎರಡು ಸಾವಿರ ಫಲಕಗಳನ್ನು ಆತ ಐತಿಹಾಸಿಕ ಸ್ಮಾರಕಗಳ ಇಲಾಖೆಗೆ ಒಪ್ಪಿಸಿದ. ಉಳಿದ ಸಾವಿರಕ್ಕೂ ಹೆಚ್ಚಿನ ಫಲಕಗಳನ್ನೂ ಸಾವಿರಾರು ಪ್ರತಿಗಳನ್ನೂ 1928ರಲ್ಲಿ ಅಬಟ್ ಕೊಂಡಳು. ಆಕೆಯೇನೂ ಶ್ರೀಮಂತಳಲ್ಲ. ಅವುಗಳನ್ನು ನ್ಯೂಯಾರ್ಕಿಗೆ ಸಾಗಿಸಿ, ಧೂಳು ಒರೆಸಿ, ಪಟ್ಟಿ ಮಾಡಿ, ನಲವತ್ತು ವರ್ಷ ತನ್ನ ಮನೆಯಲ್ಲಿಟ್ಟು ಕಾಪಾಡಿದಳು. 1930ರಲ್ಲಿ ಆಟ್ಜೆಯ ಚಿತ್ರಗಳ ಪುಸ್ತಕ ಹೊರಬಂತು. 1956ರಲ್ಲಿ ಮೂಲ ಫಲಕಗಳಿಂದ ತಾನೇ ಇಪ್ಪತ್ತು ಚಿತ್ರಗಳನ್ನು ಮುದ್ರಿಸಿ ನೂರು ಸಂಪುಟಗಳನ್ನಾಗಿ ಹೊರತಂದಳು. 1968ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಇಡೀ ಸಂಗ್ರಹವನ್ನು ಕೊಂಡುಕೊಂಡಿತು. ಆಮೇಲೆ ವಿದ್ವಾಂಸರು ಕುಳಿತು ಆ ಗೀಚಿದ ಸಂಖ್ಯೆಗಳ ಒಗಟನ್ನು ಬಿಡಿಸಿದರು. ಪ್ರತಿಯೊಂದು ವಿಷಯಕ್ಕೂ ಬೇರೆ ಎಣಿಕೆಯಿದೆಯೆಂಬ ಗುಟ್ಟು ತಿಳಿದ ಮೇಲೆ ಚಿತ್ರಗಳ ಕಾಲವನ್ನು ಗೊತ್ತುಮಾಡುವುದು ಸಾಧ್ಯವಾಯಿತು. 1981ರಿಂದ 1985ರವರೆಗೆ ಆತನ ಕೃತಿಗಳು ನಾಲ್ಕು ಸಂಪುಟಗಳಾಗಿ ಪ್ರಕಟವಾದವು.

ಅಬಟ್‌ಳ ತ್ಯಾಗ ದೊಡ್ಡದು, ಸಂದೇಹವಿಲ್ಲ. ಆದರೆ ಫಲಕಗಳ ಅಂಚಿನಲ್ಲಿ ಆ ಸಂಖ್ಯೆಗಳು ಇಲ್ಲದಿದ್ದರೆ ಆಕೆಯ ಕೈಗೆ ಬರುತ್ತಿದ್ದುದು ಹೆಸರಿಲ್ಲದ ಗಾಜಿನ ರಾಶಿ. ಪ್ರತಿಗಳು ಗ್ರಂಥಾಲಯಗಳಲ್ಲಿ ಹರಡಿರದಿದ್ದರೆ ಎರಡಾಗಿ ಒಡೆದ ಸಂಗ್ರಹವನ್ನು ಹೋಲಿಸಿ ನೋಡುವುದೂ ಕಷ್ಟವಾಗುತ್ತಿತ್ತು. ಲೆಕ್ಕವಿಡುವುದು, ಹಂಚುವುದು ಎಂಬ ಎರಡು ಸಾಮಾನ್ಯ ಕೆಲಸಗಳೇ ಆ ಮಹನೀಯನನ್ನು ಉಳಿಸಿದವು.

ಕಳೆದ ಬೇಸಿಗೆ ರಜೆಯಲ್ಲಿ ಅಜ್ಜನ ಪೆಟ್ಟಿಗೆಗಳನ್ನು ಕೆಳಗಿಳಿಸಿದೆ. ಅಜ್ಜನ ಸಂಖ್ಯೆಯನ್ನು ಅಳಿಸದೆ, ಅದರ ಪಕ್ಕದಲ್ಲಿಯೇ ಹೊಸ ಪುಸ್ತಕದಲ್ಲಿ ವಿವರ ಬರೆಯುತ್ತಿದ್ದೇನೆ. ಒಂದು ಪೆಟ್ಟಿಗೆ ಮುಗಿದಂತೆಲ್ಲ ಸಣ್ಣ ಪ್ರತಿಗಳನ್ನು ಮಾಡಿಸಿಕೊಂಡು ಸಂತೆಯ ದಿನ ಅರಳಿಕಟ್ಟೆಯ ಮೇಲೆ ಹರಡುತ್ತೇನೆ. ಹಿರಿಯರು ಕನ್ನಡಕ ಸರಿಪಡಿಸಿಕೊಂಡು ನೋಡುತ್ತಾರೆ. ಒಬ್ಬರು ಹೆಸರು ಹೇಳಿದರೆ ಇನ್ನೊಬ್ಬರು ತಿದ್ದುತ್ತಾರೆ. ಗುರುತು ಸಿಕ್ಕವರ ಮನೆಗೆ ಪ್ರತಿ ಹೋಗುತ್ತದೆ, ಹೆಸರು ಪುಸ್ತಕಕ್ಕೆ ಬರುತ್ತದೆ. ಐದು ಪೆಟ್ಟಿಗೆಗಳು ಮುಗಿದಿವೆ. ಆ ತಾಯಿ ಪ್ರತಿ ಸಂತೆಗೂ ಬರುತ್ತಾರೆ. ತಂದೆಯ ಮುಖವನ್ನು ಅವರು ಕಂಡರಿಯರು. ಆದ್ದರಿಂದ ತಂದೆಯನ್ನು ಬಲ್ಲ ತಮ್ಮ ಸೋದರತ್ತೆಯನ್ನು ಕೈಹಿಡಿದು ಕರೆತರುತ್ತಾರೆ. ಆ ಅಜ್ಜಿಗೆ ತೊಂಬತ್ತು ಸಮೀಪಿಸಿದೆ. ಚಿತ್ರ ಇನ್ನೂ ಸಿಕ್ಕಿಲ್ಲ. ಆರು ಪೆಟ್ಟಿಗೆಗಳು ಉಳಿದಿವೆ. ಆ ಅಜ್ಜಿ ಇರುವಷ್ಟರಲ್ಲಿ ಮುಗಿಸಬೇಕೆಂಬ ಅವಸರ ನನ್ನದು.

ಸಹಪಾಠಿಗಳೇ, ಈ ವರ್ಷದ ನಮ್ಮ ಗುಂಪುಚಿತ್ರದ ಪ್ರತಿ ಬೇಗನೆ ನಿಮ್ಮ ಕೈಸೇರಲಿದೆ. ಇಂದು ಎಲ್ಲರ ಹೆಸರೂ ನಮಗೆ ಬಾಯಿಪಾಠವಾಗಿದೆ. ದಯವಿಟ್ಟು ಇಂದೇ ಅದರ ಬೆನ್ನಿನ ಮೇಲೆ ಬರೆದಿಡಿ.