ಸುರಪುರದ ಶಿಷ್ಯ

ಸುರಪುರದ ರಾಜಾ ವೆಂಕಟಪ್ಪ ನಾಯಕನನ್ನು ನಾಡು 1858ರ ದಂಗೆಯ ವೀರನೆಂದು ಬಲ್ಲುದು. ಅವನೊಬ್ಬ ವಿದ್ಯಾರ್ಥಿಯೂ ಆಗಿದ್ದನೆಂಬುದನ್ನು ನೆನೆಯುವವರು ವಿರಳ. ಪಾಠ ಹೇಳುವ ವೃತ್ತಿಯವನಾದ ನನ್ನನ್ನು ಆ ಭಾಗವೇ ಹೆಚ್ಚಾಗಿ ಕಾಡುತ್ತದೆ.

ತಂದೆ ಕೃಷ್ಣಪ್ಪ ನಾಯಕನು ತೀರಿಕೊಂಡಾಗ ವೆಂಕಟಪ್ಪನಿನ್ನೂ ಬಾಲಕ. ತಾಯಿ ಈಶ್ವರಮ್ಮನಿಗೂ ಚಿಕ್ಕಪ್ಪ ಪಿಡ್ಡ ನಾಯಕನಿಗೂ ಅಧಿಕಾರದ ಕಲಹ. 1841ರಲ್ಲಿ ಅಲ್ಲಿಗೆ ಬಂದ ಮೆಡೋಸ್ ಟೇಲರನು 1853ರವರೆಗೆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ಬಾಲಕನ ಶಿಕ್ಷಣವೂ ಅವನ ಪಾಲಿಗೇ ಬಂದಿತು. ಟೇಲರನು ಹದಿನಾರು ತುಂಬುವ ಮೊದಲೇ, 1824ರಲ್ಲಿ, ಮುಂಬಯಿಗೆ ಬಂದಿಳಿದು, ದೇಶಭಾಷೆಗಳನ್ನೂ ಭೂಮಾಪನವನ್ನೂ ಸ್ವಂತ ಶ್ರಮದಿಂದ ಕಲಿತವನು. 1839ರಲ್ಲಿ ಠಕ್ಕರನ್ನು ಕುರಿತ ಅವನ ಕಾದಂಬರಿ ಇಂಗ್ಲೆಂಡಿನಲ್ಲಿ ಹೆಸರುಮಾಡಿತ್ತು. ಶಹಾಪುರದ ಬಳಿ ವಿಭೂತಿಹಳ್ಳಿಯ ಬಯಲಿನಲ್ಲಿ ಸಾಲಾಗಿ ನಿಂತ ಪ್ರಾಚೀನ ಬಂಡೆಗಳನ್ನು ಪಂಡಿತರ ಗಮನಕ್ಕೆ ತಂದವನೂ ಅವನೇ. ಇಂಥ ಗುರು ಎಷ್ಟು ಅರಸುಮಕ್ಕಳಿಗೆ ದೊರೆತಾನು? ಹುಡುಗನು ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು.

ರಾಣಿಯು ಒಮ್ಮೆ ತನ್ನ ಕಾಯಿಲೆಯಲ್ಲಿ ಟೇಲರನಿಗೆ ಮಗನ ಜಾತಕವನ್ನು ತೋರಿಸಿದಳು. ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಮರಣವೆಂದು ಅದರಲ್ಲಿ ಬರೆದಿತ್ತು. ಅದ್ಭುತ ಶಕ್ತಿಯ ಮಕ್ಕಳು ವಿದ್ಯಾಲಯದಲ್ಲಿ ಕೂಡಿ ಬೆಳೆಯುವ ಕಲ್ಪನೆಯ ಕಾದಂಬರಿಗಳನ್ನು ನಮ್ಮ ಹುಡುಗರು ಇಂದು ಬಹಳ ಓದುತ್ತಾರೆ. ಅಲ್ಲಿ ಇಂಥ ಭವಿಷ್ಯವಾಣಿಯನ್ನು ನಾಯಕನು ಗೆಲ್ಲುವುದು ವಾಡಿಕೆ. ನಾನು ಜ್ಯೋತಿಷ್ಯವನ್ನು ನಂಬುವವನಲ್ಲ. ಆದರೂ ಅಂಥದೊಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಗನ ಮುಂದೆ ದಿನವೂ ಪುಸ್ತಕ ತೆರೆಯುವುದು ಎಷ್ಟು ಕಠಿಣವೆಂದು ಬಲ್ಲೆ.

1853ರಲ್ಲಿ ಶಿಷ್ಯನಿಗೆ ರಾಜ್ಯವನ್ನೊಪ್ಪಿಸಿ ಗುರು ಹೊರಟುಹೋದನು. ಐದು ವರ್ಷಗಳೊಳಗೆ ಶಿಷ್ಯನು ಗುರುವಿನ ಸರಕಾರದ ವಿರುದ್ಧವೇ ಕತ್ತಿಯೆತ್ತಿದನು. ದುಷ್ಟರ ಸಹವಾಸವೇ ಕಾರಣವೆಂದು ಟೇಲರನ ತೀರ್ಮಾನ. ಅದು ನನಗೆ ಒಪ್ಪಿಗೆಯಿಲ್ಲ. ಪರರ ಕೈಕೆಳಗೆ ತನ್ನ ಮನೆಯ ಆಡಳಿತ ನಡೆದುದನ್ನು ಹನ್ನೆರಡು ವರ್ಷ ಕಂಡ ಹುಡುಗನು ಪುಸ್ತಕದಿಂದಷ್ಟೇ ಕಲಿಯುವನೆ?

1858ರ ಫೆಬ್ರವರಿಯಲ್ಲಿ ಸುರಪುರ ಬಿದ್ದಿತು. ರಾಜನು ಹೈದರಾಬಾದಿನಲ್ಲಿ ಸೆರೆಸಿಕ್ಕನು. ಸೆರೆಮನೆಗೆ ಬಂದ ಟೇಲರನ ಮುಂದೆ ಅವನು ಅತ್ತನು, ಆದರೆ ತನ್ನ ಜೊತೆಗಾರರ ಹೆಸರನ್ನು ಹೇಳಲಿಲ್ಲ. ಕಳ್ಳನಂತೆ ಗಲ್ಲಿಗೇರುವುದಕ್ಕಿಂತ ತೋಪಿನ ಬಾಯಿಯೇ ಲೇಸೆಂದನು. ಮರಣದಂಡನೆಯು ಇಳಿದಿಳಿದು ಕೊನೆಗೆ ನಾಲ್ಕು ವರ್ಷದ ಸೆರೆಯಾಯಿತು. ಜಾತಕ ಸುಳ್ಳಾಯಿತೆಂದು ಟೇಲರನು ಹಿಗ್ಗಿದನು. ಸುರಪುರದ ಮುದಿ ಬ್ರಾಹ್ಮಣನೊಬ್ಬನು ಮಾತ್ರ, ವರ್ಷವಿನ್ನೂ ಮುಗಿದಿಲ್ಲವೆಂದನು.

ಮದರಾಸಿನ ಕಡೆಗೆ ಒಯ್ಯುವಾಗ ಮೊದಲ ಬಿಡಾರದಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜನು ಸತ್ತನು. ತಾನೇ ಹಾರಿಸಿಕೊಂಡನೆಂದು ಸರಕಾರ ಹೇಳಿತು. ಸುರಪುರದ ಜನ ಅದನ್ನು ನಂಬಿದವರಲ್ಲ. ಟೇಲರನು 1876ರಲ್ಲಿ ತೀರಿಕೊಂಡನು. ಮರುವರ್ಷ ಪ್ರಕಟವಾದ ಅವನ ಆತ್ಮಕಥೆಯಲ್ಲಿ ಆ ಜಾತಕದ ವೃತ್ತಾಂತವೆಲ್ಲ ಉಳಿದಿದೆ. ಅವನು ಕಟ್ಟಿಸಿದ ಬಂಗಲೆಯನ್ನು ಊರವರು ಟೇಲರ್ ಮಂಜಿಲ್ ಎನ್ನುತ್ತಾರೆ.